ಜಿಎಸ್‌ವೈ2 ಏರಿದೆ, ಗ್ಲೈಕೋಜನ್ ಏರಿಲ್ಲ: 40 ಡಿಗ್ರಿ ಹೀಟ್ ಶಾಕ್‌ನಲ್ಲಿ ಯೀಸ್ಟ್

ಪೆಟ್ರಿತಟ್ಟೆ (ಪ್ರಶ್ನೆ):
ತಳಿ ಬಿವೈ4741, ಮಾಧ್ಯಮ ವೈಪಿಡಿ (ಯೀಸ್ಟ್ ಬೆಳೆಸುವ ದ್ರವ), ಗ್ಲೂಕೋಸ್ ಶೇ. 2. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಓಡಿ (ಕೋಶ ಎಷ್ಟಿವೆ ಎಂದು ಹೇಳುವ ಮಬ್ಬಿನ ಅಳತೆ) 0.8 ಮುಟ್ಟಿದಾಗ ಫ್ಲಾಸ್ಕನ್ನು 40 ಡಿಗ್ರಿಯ ಶೇಕರ್‌ಗೆ ಹಾಕಿ ಒಂದು ಗಂಟೆ, ಆಮೇಲೆ ಮತ್ತೆ 30ಕ್ಕೆ. ಜೀನ್‌ನ ಆರ್‌ಎನ್‌ಎ ಅಳೆಯುವ ಕ್ಯೂಪಿಸಿಆರ್‌ನಲ್ಲಿ ಟ್ರೆಹಲೋಸ್ ಕಟ್ಟುವ ಟಿಪಿಎಸ್1, ಗ್ಲೈಕೋಜನ್ ಕಟ್ಟುವ ಸಿಂಥೇಸ್ ಜೀನ್ ಜಿಎಸ್‌ವೈ2 ಎರಡೂ ಚೆನ್ನಾಗಿ ಏರಿವೆ (ಎರಡೂ ಕೋಶ ಕೂಡಿಡುವ ಸಕ್ಕರೆಗಳು). ಟಿಸಿಎ (ಟ್ರೈಕ್ಲೋರೊಅಸಿಟಿಕ್ ಆಮ್ಲ) ಸಾರಕ್ಕೆ, ಸಕ್ಕರೆ ಇದ್ದರೆ ಬಣ್ಣ ಕೊಡುವ ಆಂಥ್ರೋನ್ ಹಾಕಿ ನೋಡಿದರೆ ಟ್ರೆಹಲೋಸ್ ಏರಿದೆ, ಆದರೆ ಒಂದೇ ಸ್ಯಾಂಪಲ್ಲಿನ ಎರಡು ಟ್ಯೂಬಿಗೂ ತಾಳೆಯಿಲ್ಲ. ಅಯೋಡಿನ್‌ನಲ್ಲಿ ಗ್ಲೈಕೋಜನ್ ಬಣ್ಣ ಮೊದಲಿದ್ದಷ್ಟೇ. ಸಿಂಥೇಸ್ ಜೀನ್ ಏರಿದ ಮೇಲೂ ಗ್ಲೈಕೋಜನ್ ಯಾಕೆ ಏರುತ್ತಿಲ್ಲ? ಪ್ರಯೋಗದ ತಪ್ಪೋ, ಯೀಸ್ಟ್ ಇರುವುದೇ ಹೀಗೋ?

ಹುದುಗುಬುಟ್ಟಿ:
ಗ್ಲೈಕೋಜನ್ ವಿಷಯದಲ್ಲಿ ಯೀಸ್ಟ್ ಇರುವುದೇ ಹೀಗೆ. ಜಿಪಿಎಚ್1 ಮತ್ತು ಎನ್‌ಟಿಎಚ್1 ಪ್ರೈಮರ್ ಹಾಕಿ ನೋಡಿ, ಅವೂ ಏರಿರುತ್ತವೆ. ಮೊದಲನೆಯದು ಗ್ಲೈಕೋಜನ್ ಒಡೆಯುವ ಫಾಸ್ಫೊರಿಲೇಸ್, ಎರಡನೆಯದು ಟ್ರೆಹಲೋಸ್ ಒಡೆಯುವ ನ್ಯೂಟ್ರಲ್ ಟ್ರೆಹಲೇಸ್. ಕಟ್ಟುವ ಜೀನ್, ಒಡೆಯುವ ಜೀನ್ ಎರಡರ ಪ್ರೊಮೋಟರ್‌ನಲ್ಲೂ ಸಿಸಿಸಿಸಿಟಿ ಎಂಬ ಸ್ಟ್ರೆಸ್ ಅನುಕ್ರಮವಿದೆ. ಶಾಖ, ಉಪ್ಪು, ಪೆರಾಕ್ಸೈಡ್ ಯಾವುದು ತಗುಲಿದರೂ ಎಂಎಸ್‌ಎನ್2, ಎಂಎಸ್‌ಎನ್4 ಎಂಬ ಜೀನ್ ಎಬ್ಬಿಸುವ ಪ್ರೋಟೀನ್‌ಗಳು ನ್ಯೂಕ್ಲಿಯಸ್ಸಿಗೆ ನುಗ್ಗಿ ಎರಡು ಬಗೆಯವನ್ನೂ ಒಟ್ಟಿಗೇ ಎಬ್ಬಿಸುತ್ತವೆ. ಒಂದು ಕಡೆ ಕಟ್ಟುತ್ತ ಇನ್ನೊಂದು ಕಡೆ ಕೆಡವುತ್ತ ಇರುವಾಗ ಆರ್‌ಎನ್‌ಎ ಎಷ್ಟು ಏರಿತೆಂದು ನೋಡಿ ಸಕ್ಕರೆಯ ಲೆಕ್ಕ ಹೇಳಲಾಗದು.

ಸಾಲದ್ದಕ್ಕೆ, ತಯಾರಾದ ಸಿಂಥೇಸ್ ಕೆಲಸ ಮಾಡಲೇಬೇಕೆಂದಿಲ್ಲ. ಪಿಎಚ್‌ಒ85 ಕೈನೇಸ್ ಅದಕ್ಕೆ ಫಾಸ್ಫೇಟ್ ಅಂಟಿಸಿದರೆ ಮಂಕಾಗುತ್ತದೆ, ಜಿಎಲ್‌ಸಿ7–ಜಿಎಸಿ1 ಜೋಡಿ ಅದನ್ನು ಕಿತ್ತರೆ ಚುರುಕಾಗುತ್ತದೆ. ಗ್ಲೂಕೋಸ್-6-ಫಾಸ್ಫೇಟ್ ಹೆಚ್ಚಿದ್ದರೆ ಫಾಸ್ಫೇಟ್ ಅಂಟಿದ್ದರೂ ಕಿಣ್ವ ಓಡುತ್ತದೆ. ಇದ್ಯಾವುದೂ ಕ್ಯೂಪಿಸಿಆರ್‌ಗೆ ಕಾಣುವುದಿಲ್ಲ.

40 ಡಿಗ್ರಿಯಲ್ಲಿ ಟ್ರೆಹಲೋಸ್ ಮಾತ್ರ ಏರುವುದಕ್ಕೆ ಜೀನ್‌ಗಿಂತ ಕಿಣ್ವದ ಪಾಲೇ ದೊಡ್ಡದು. ಬಿಸಿ ಏರಿದಂತೆ ಟಿಪಿಎಸ್1ನ ವೇಗವೇ ಹೆಚ್ಚುತ್ತದೆ, ಅದಕ್ಕೆ ಬೇಕಾದ ಯುಡಿಪಿ-ಗ್ಲೂಕೋಸ್, ಗ್ಲೂಕೋಸ್-6-ಫಾಸ್ಫೇಟ್ ಕೂಡ ಏರುತ್ತವೆ. 30ಕ್ಕೆ ಮರಳಿಸಿದ ಕೂಡಲೇ ಎನ್‌ಟಿಎಚ್1 ಮೇಲುಗೈ ಪಡೆದು ಗಂಟೆಯೊಳಗೆ ಬಹುಪಾಲು ಟ್ರೆಹಲೋಸ್ ಕರಗುತ್ತದೆ.

ಗ್ಲೈಕೋಜನ್ ತುಂಬುವುದನ್ನೇ ನೋಡಬೇಕಿದ್ದರೆ ಹೀಟ್ ಶಾಕ್ ಬಿಡಿ. ಬ್ಯಾಚ್ ಕಲ್ಚರ್ ಬೆಳೆಯಲು ಬಿಟ್ಟು ಸ್ಯಾಂಪಲ್ ತೆಗೆಯಿರಿ: ಗ್ಲೂಕೋಸ್ ಅರ್ಧ ಮುಗಿಯುವ ಹೊತ್ತಿಗೆ ಗ್ಲೈಕೋಜನ್ ಶುರು, ಪೂರ್ತಿ ಖಾಲಿಯಾದ ಮೇಲೆ ಟ್ರೆಹಲೋಸ್.

ಬೆಂಚ್_ಮೂಲೆ:
ಟ್ಯೂಬ್ ತಾಳೆಯಾಗದ್ದು ಮಾತ್ರ ವಿಧಾನದ ತಪ್ಪು. ಆಂಥ್ರೋನ್‌ಗೆ ಟ್ರೆಹಲೋಸ್ ಬೇರೆ, ವೈಪಿಡಿಯ ಗ್ಲೂಕೋಸ್ ಬೇರೆ ಎಂದು ಗೊತ್ತಾಗದು. ತೊಳೆದದ್ದರಲ್ಲಿ ಚೂರು ವ್ಯತ್ಯಾಸವಾದರೂ ಸಂಖ್ಯೆ ಎಲ್ಲೆಲ್ಲಿಗೋ ಹೋಗುತ್ತದೆ. ಕಿಣ್ವದ ವಿಧಾನಕ್ಕೆ ಬನ್ನಿ.

ನಿಮ್ಮ ಓಡಿಯಲ್ಲಿ 25 ಮಿಲೀ ತೆಗೆದರೆ 20 ಓಡಿ ಕೋಶ ಸಿಗುತ್ತವೆ. ಫಿಲ್ಟರ್‌ನಲ್ಲಿ ಎಳೆದು ಐಸ್ ನೀರಿನಲ್ಲಿ ಒಮ್ಮೆ ತೊಳೆದು ತಕ್ಷಣ ಫ್ರೀಜ್ ಮಾಡಿ. ಹತ್ತು ನಿಮಿಷ ಸೆಂಟ್ರಿಫ್ಯೂಜ್‌ನಲ್ಲಿ ಕೂತರೆ ಅಷ್ಟು ಹೊತ್ತೂ ಟ್ರೆಹಲೇಸ್ ಕೆಲಸ ಮಾಡುತ್ತಿರುತ್ತದೆ. ಆಮೇಲೆ 0.25 ಮೋಲಾರ್ ಸೋಡಿಯಂ ಕಾರ್ಬೊನೇಟ್ 0.25 ಮಿಲೀ ಹಾಕಿ, ಸ್ಕ್ರೂ ಮುಚ್ಚಳದ ಟ್ಯೂಬಿನಲ್ಲಿ 95 ಡಿಗ್ರಿಗೆ 4 ಗಂಟೆ. ಒತ್ತುವ ಮುಚ್ಚಳ ಮಧ್ಯದಲ್ಲೇ ಪಟ್ ಎಂದು ತೆರೆದು ನೀರು ಆವಿಯಾಗುತ್ತದೆ. ಈ ಕ್ಷಾರದ ಕುದಿತದಲ್ಲಿ ಕಿಣ್ವಗಳು ಸಾಯುತ್ತವೆ, ಬಿಡಿ ಗ್ಲೂಕೋಸ್ ಹಾಳಾಗುತ್ತದೆ. ಟ್ರೆಹಲೋಸ್ ನಾನ್-ರೆಡ್ಯೂಸಿಂಗ್ (ಕ್ಷಾರಕ್ಕೆ ಸಿಗುವ ಬಿಡಿ ತುದಿಯಿಲ್ಲದ ಸಕ್ಕರೆ) ಆದ್ದರಿಂದ ಉಳಿಯುತ್ತದೆ, ಗ್ಲೈಕೋಜನ್ನೂ ಉಳಿಯುತ್ತದೆ.

ಆರಿದ ಮೇಲೆ 1 ಮೋಲಾರ್ ಅಸಿಟಿಕ್ ಆಮ್ಲ 0.15 ಮಿಲೀ. ನಿಧಾನವಾಗಿ ಹಾಕಿ, ನೊರೆ ಉಕ್ಕಿ ಹೊರಗೆ ಬಂದರೆ ಆ ಸ್ಯಾಂಪಲ್ ಹೋದಂತೆಯೇ. ಅದರ ಮೇಲೆ 0.2 ಮೋಲಾರ್ ಸೋಡಿಯಂ ಅಸಿಟೇಟ್, ಪಿಎಚ್ 5.2, 0.6 ಮಿಲೀ. ಇದನ್ನು ಎರಡು ಪಾಲು ಮಾಡಿ. ಒಂದಕ್ಕೆ ಟ್ರೆಹಲೇಸ್, ಮಿಲೀಗೆ 0.05 ಯೂನಿಟ್, ರಾತ್ರಿಯಿಡೀ 37 ಡಿಗ್ರಿ. ಇನ್ನೊಂದಕ್ಕೆ ಅಮೈಲೊಗ್ಲೂಕೋಸಿಡೇಸ್, ಮಿಲೀಗೆ 1.2 ಯೂನಿಟ್, 57 ಡಿಗ್ರಿಯಲ್ಲಿ ರಾತ್ರಿಯಿಡೀ, ತಿರುಗಿಸುತ್ತ. ಸುಮ್ಮನೆ ಇಟ್ಟರೆ ಗಷ್ಟು ತಳಕ್ಕೆ ಕೂತು ಗ್ಲೈಕೋಜನ್ ಕಡಿಮೆ ತೋರಿಸುತ್ತದೆ. ಬಂದ ಗ್ಲೂಕೋಸನ್ನು ಜಿಒಡಿ-ಪಿಒಡಿ (ಗ್ಲೂಕೋಸ್ ಆಕ್ಸಿಡೇಸ್-ಪೆರಾಕ್ಸಿಡೇಸ್) ಕಿಟ್‌ನಲ್ಲಿ ಅಳೆಯಿರಿ. ರಕ್ತ ಪರೀಕ್ಷೆಯ ಲ್ಯಾಬ್‌ಗಳಲ್ಲಿ ಬಳಸುವ ಅದೇ ಕಿಟ್ ಸಾಕು, ಆದರೆ ಅಲ್ಲಿಯಂತೆ 10 ಮೈಕ್ರೊಲೀಟರ್ ಹಾಕಿದರೆ ಏನೂ ಕಾಣದು. 100 ಹಾಕಿ, ಸ್ಟ್ಯಾಂಡರ್ಡ್‌ಗೂ ಅಷ್ಟೇ. ಗ್ಲೂಕೋಸ್ ತೂಕವನ್ನು ಟ್ರೆಹಲೋಸ್‌ಗೆ 0.95ರಿಂದ, ಗ್ಲೈಕೋಜನ್‌ಗೆ 0.9ರಿಂದ ಗುಣಿಸಿ. ಕಿಣ್ವ ಹಾಕದ ಬ್ಲ್ಯಾಂಕ್ ಪ್ರತಿ ಸ್ಯಾಂಪಲ್ಲಿಗೂ ಬೇಕು. ಅಮೈಲೊಗ್ಲೂಕೋಸಿಡೇಸನ್ನು ಒಮ್ಮೆ ಶುದ್ಧ ಟ್ರೆಹಲೋಸ್ ಮೇಲೂ ಓಡಿಸಿ. ಗ್ಲೂಕೋಸ್ ಬಂದರೆ ಆ ಬಾಟಲಿ ಕಲಬೆರಕೆ.

ಇನ್ನೊಂದು: ಗಾಳಿ ಶೇಕರ್‌ನಲ್ಲಿ ಫ್ಲಾಸ್ಕ್ ಬಿಸಿಯಾಗುವುದೇ ತಡ. ನಿಮ್ಮ ‘60 ನಿಮಿಷ’ದಲ್ಲಿ ಎಷ್ಟು ನಿಮಿಷ ನಿಜವಾಗಿ 40 ಇತ್ತು? 30ರ ಕಲ್ಚರ್‌ಗೆ 50 ಡಿಗ್ರಿಗೆ ಕಾಯಿಸಿದ ಅಷ್ಟೇ ಮಾಧ್ಯಮ ಸುರಿದರೆ ಆ ಕ್ಷಣವೇ 40. ಆಮೇಲೆ ನೀರಿನ ಶೇಕರ್‌ನಲ್ಲಿಡಿ. ಓಡಿ ಅರ್ಧವಾಗುತ್ತದೆ, ಸ್ಯಾಂಪಲ್ 50 ಮಿಲೀ ತೆಗೆಯಿರಿ.

ಪೆಟ್ರಿತಟ್ಟೆ:
ಇಬ್ಬರಿಗೂ ಧನ್ಯವಾದ. ಕಟ್ಟು-ಕೆಡವು ಎರಡೂ ನಡೆಯುತ್ತಿದೆ ಎಂದು ತೋರಿಸಲು ಟಿಪಿಎಸ್1 ಡಿಲೀಷನ್ ತರಿಸಲೇ?

ಹುದುಗುಬುಟ್ಟಿ:
ಅದು ಬೇಡ. ಟಿಪಿಎಸ್1 ಇಲ್ಲದ ತಳಿ ಗ್ಲೂಕೋಸ್ ಮೇಲೆ ಬೆಳೆಯುವುದೇ ಇಲ್ಲ. ಟಿಪಿಎಸ್1 ತಯಾರಿಸುವ ಟ್ರೆಹಲೋಸ್-6-ಫಾಸ್ಫೇಟ್, ಗ್ಲೂಕೋಸ್‌ಗೆ ಫಾಸ್ಫೇಟ್ ಅಂಟಿಸುವ ಹೆಕ್ಸೊಕೈನೇಸಿಗೆ ಕಡಿವಾಣ. ಅದಿಲ್ಲದಿದ್ದರೆ ಗ್ಲೂಕೋಸ್ ಒಂದೇ ಸಮನೆ ಫಾಸ್ಫೊರಿಲೇಟ್ ಆಗಿ ಎಟಿಪಿ, ಫಾಸ್ಫೇಟ್ ಎರಡೂ ಬರಿದಾಗುತ್ತವೆ. ಗ್ಯಾಲಕ್ಟೋಸ್‌ನಲ್ಲಿ ಬೆಳೆಸಬಹುದು, ಆಗ ನಿಮ್ಮ ಹೋಲಿಕೆಯೇ ಕೆಟ್ಟಿತು. ಸಾಲದ್ದಕ್ಕೆ, ಶಾಖ ತಡೆಯಲು ಬೇಕಾದದ್ದು ಟ್ರೆಹಲೋಸ್ ಅಲ್ಲ, ಟಿಪಿಎಸ್1 ಪ್ರೋಟೀನೇ ಎಂದು 2015ರಲ್ಲಿ ತೋರಿಸಿದ ಮೇಲೆ ಆ ಡಿಲೀಷನ್‌ನ ಫಲಿತಾಂಶ ಓದುವುದೂ ಕಷ್ಟವಾಗಿದೆ.

ಒಡೆಯುವ ಕಡೆಯ ಜೀನ್ ತೆಗೆದ ತಳಿ ತರಿಸಿ: ಜಿಪಿಎಚ್1 ಒಂದು, ಎನ್‌ಟಿಎಚ್1 ಒಂದು. ಎರಡೂ ಬಿವೈ4741 ಡಿಲೀಷನ್ ಸಂಗ್ರಹದಲ್ಲಿವೆ. ಅದೇ ಶಾಕ್‌ಗೆ ಜಿಪಿಎಚ್1 ಇಲ್ಲದ್ದರಲ್ಲಿ ಗ್ಲೈಕೋಜನ್ ಏರಿ, ಎನ್‌ಟಿಎಚ್1 ಇಲ್ಲದ್ದರಲ್ಲಿ 30ಕ್ಕೆ ಮರಳಿದ ಮೇಲೂ ಟ್ರೆಹಲೋಸ್ ಇಳಿಯದೆ ನಿಂತರೆ ನಿಮ್ಮ ಉತ್ತರ ಸಿಕ್ಕಂತೆ. ನಿಮ್ಮ ಬಿವೈ4741 ಸೇರಿ ಮೂರೂ ತಳಿಯನ್ನು ಒಂದೇ ದಿನ, ಒಂದೇ ಓಡಿಯಲ್ಲಿ ಶಾಕ್ ಮಾಡಿ. ಓಡಿ 2 ದಾಟಿದ್ದನ್ನು 0.8ರದ್ದರ ಪಕ್ಕ ಇಟ್ಟರೆ ಶಾಕ್ ಇಲ್ಲದೆಯೂ ಗ್ಲೈಕೋಜನ್ ಬೇರೆಯಾಗಿ ಕಾಣುತ್ತದೆ.

ಬೆಂಚ್_ಮೂಲೆ:
ಅಯೋಡಿನ್ ತಟ್ಟೆ ಪೂರ್ತಿ ಬಿಡಬೇಕಿಲ್ಲ, ತಳಿಗಳು ಅದಲುಬದಲಾಗಿಲ್ಲ ಎಂದು ನೋಡಲು ಸಾಕು. ಹರಳುಗಳ ಮೇಲೆ ತಟ್ಟೆ ಬೋರಲಿಟ್ಟು ಎರಡು-ಮೂರು ನಿಮಿಷ, ಫ್ಯೂಮ್ ಹುಡ್‌ನಲ್ಲಿ. ಗ್ಲೈಕೋಜನ್ ಇರುವ ಕಾಲೊನಿ ಕಂದಾಗುತ್ತದೆ. ಬಣ್ಣ ಬೇಗ ಹಾರುತ್ತದೆ, ಕ್ಯಾಮೆರಾ ಮೊದಲೇ ಸಿದ್ಧವಿರಲಿ.