ಸೀನನೇ ಸ್ಕೇಲು

“ಹೆಂಗಿದೆ ಸಾರ್, ನಮ್ಮ ಪತ್ತೆ?” ಸೀನ ಮೊಬೈಲನ್ನು ರಾಯರ ಮೂಗಿಗೇ ಹಿಡಿದ.

ರಾಯರು ಕನ್ನಡಕ ಏರಿಸಿದರು. “ಇದರಲ್ಲಿ ವೀರಗಲ್ಲು ಯಾವುದು, ನೀನು ಯಾವುದು?”

“ಹಿಂದೆ ಮಬ್ಬಾಗಿದೆಯಲ್ಲ, ಅದು. ಪೋರ್ಟ್ರೇಟ್ ಮೋಡು.”

“ಸರಿ. ಕೆಳಗೆ ತುರುಗಾಳಗ, ಅಂದರೆ ದನಗಳಿಗಾಗಿ ನಡೆದ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯೋ ಅಪ್ಸರೆಯರು, ಮೇಲೆ ಶಿವಲಿಂಗ. ಲಿಂಗ ಇರಬೇಕಾದ ಕಡೆ ನಿನ್ನ ತಲೆ. ಸತ್ತವನು ಅವನು, ಕೈಲಾಸ ಸೇರಿದವನು ನೀನು.”

ನಾಣಿ ಬೋಂಡದ ಎಣ್ಣೆ ಪೇಪರಿಗೆ ಒರೆಸಿದ. “ನಾನೇ ಹೊಡೆದಿದ್ದು ಸಾರ್. ಅಳತೆಗೆ ಇರಲಿ ಅಂತ ನಿಲ್ಲಿಸಿದೆ. ಸೀನ ಐದೂವರೆ ಅಡಿ.”

“ಬಗ್ಗಿ ನಿಂತ ಐದೂವರೆ ಅಡಿ! ಅದೂ ಕಲ್ಲಿಗಿಂತ ಎರಡಡಿ ಮುಂದೆ. ಮುಂದಿರೋದು ದೊಡ್ಡದಾಗಿ ಕಂಡು ಕಲ್ಲು ಕುಗ್ಗುತ್ತೆ. ಸ್ಕೇಲು ಕಲ್ಲಿನ ಮುಖಕ್ಕೇ ಆನಿಸಿರಬೇಕು. ಸ್ಟೇಷನರಿ ಅಂಗಡಿಯ 30 ಸೆಂಟಿಮೀಟರಿನದು ಸಾಕು. ಅದು ಹಲ್ಲು ಕಿರಿಯೋದಿಲ್ಲ.”

“ಅಕ್ಷರಾನೂ ಕಾಣ್ತಿಲ್ಲ…”

“ಎದುರು ಬೆಳಕಲ್ಲಿ ತೆಗೆದರೆ ಅಕ್ಷರದೊಳಗೆ ನೆರಳೆಲ್ಲಿ ಬೀಳುತ್ತೆ? ಮಬ್ಬುಗತ್ತಲಾದಾಗ ಇನ್ನೊಂದು ಫೋನಿನ ಟಾರ್ಚನ್ನು ಕಲ್ಲಿನ ಮಗ್ಗುಲಿಂದ ಓರೆಯಾಗಿ ಬಿಡು. ಎಡದಿಂದೊಂದು, ಬಲದಿಂದೊಂದು, ಮೇಲಿಂದೊಂದು ಫೋಟೊ. ಸೀಮೆಸುಣ್ಣ ತೀಡಬೇಡ. ನೀನು ತಪ್ಪು ತಿದ್ದಿದ್ದನ್ನೇ ಮುಂದಿನವನು ಶಾಸನ ಅಂತ ಓದ್ತಾನೆ.”

“ತ್ರೀಡಿ ಆ್ಯಪೂ ಹಾಕ್ಕೊಂಡಿದ್ದೀನಿ!”

“ಹಾಕ್ಕೊಂಡರಾಯಿತೇ? ಸುತ್ತ ತಿರುಗಿ 60–80 ಫೋಟೊ ತೆಗೀಬೇಕು. ಒಂದರಲ್ಲಿದ್ದದ್ದು ಮುಕ್ಕಾಲು ಪಾಲು ಮುಂದಿನದರಲ್ಲೂ ಬರಬೇಕು, ಇಲ್ಲದಿದ್ದರೆ ತ್ರೀಡಿಯಲ್ಲಿ ಕಲ್ಲಿಗೆ ತೂತು. ಜೂಮ್ ಬೇಡ, ಮೋಡವಿದ್ದರೆ ವಾಸಿ. ನಡುವೆ ನೀನು ಹೋಗಿ ನಿಂತರೆ ವೀರನಿಗೆ ಮೂರನೇ ಕೈ ಮೂಡುತ್ತೆ. ಅದಿರಲಿ, ಜಾಗ ಎಲ್ಲಿ?”

“ವಾಟ್ಸಾಪಲ್ಲಿ ಕಳಿಸಿದ್ದೀನಲ್ಲ ಸಾರ್, ಅದರಲ್ಲೇ ಇರುತ್ತೆ.”

“ಇರಲ್ಲ. ವಾಟ್ಸಾಪು ಫೋಟೊ ಹಿಂಡಿ, ಒಳಗಿನ ಲೊಕೇಶನ್ನೂ ಒರೆಸಿ ಕಳಿಸುತ್ತೆ. ಡಾಕ್ಯುಮೆಂಟ್ ಅಂತ ಕಳಿಸು. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇರಲಿ, ಬಯಲಲ್ಲಿ ಒಂದೆರಡು ನಿಮಿಷ ತಡಿ. ಹುಣಸೆಮರದ ಕೆಳಗೆ ಜಿಪಿಎಸ್ಸು ಪಕ್ಕದವರ ಹೊಲಕ್ಕೆ ನುಗ್ಗುತ್ತೆ.”

“ಹಿಂದೆ ಊರೂರಿನ ಶಾಸನ ಕಲೆಹಾಕಿದ ಬಿ.ಎಲ್. ರೈಸ್ ಸಾಹೇಬರ ಹತ್ತಿರ ಜಿಪಿಎಸ್ ಇತ್ತೇ?” ನಾಣಿಯ ಪಾಯಿಂಟು.

“ಇರಲಿಲ್ಲಪ್ಪ. ಅವರ ಶಾಸನಗಳ ಪುಸ್ತಕಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಬೆಂಗಳೂರು ಜಿಲ್ಲೆಯ ಸಂಪುಟ ಬಂದದ್ದು 1905ರಲ್ಲಿ. ಇಂಥ ಊರು, ಇಂಥ ಕಡೆಯ ಹೊಲ ಅಂತ ಬರೆದರು. ಆ ಹೊಲ ಇರುತ್ತೆ ಅಂದುಕೊಂಡರು ಪಾಪ. ಈಗ ಹುಡುಕಿಕೊಂಡು ಹೋದರೆ ಲೇಔಟು. ಎಷ್ಟೋ ಶಾಸನಗಳ ಪಾಠ ಪುಸ್ತಕದಲ್ಲಿದೆ, ಕಲ್ಲು ಯಾರ ಮನೆ ಪಾಯದಲ್ಲಿದೆಯೋ!”

ಸೀನ ಮುಖ ಸಣ್ಣದು ಮಾಡಿದ. “ಹಂಗಾದ್ರೆ ಇದನ್ನ ಡಿಲೀಟ್ ಮಾಡ್ಲಾ?”

“ಬೇಡ ಮಾರಾಯ. ನಾಳೆ ಜೆಸಿಬಿ ಬಂದರೆ ನಿನ್ನ ಹೆಗಲ ಪಕ್ಕದ ಆ ಮಬ್ಬು ಅಪ್ಸರೆಯಷ್ಟೇ ದಾಖಲೆ. ಎತ್ತರ ಮಾತ್ರ ಸರಿಯಾಗಿ ಅಳೆದು ಬರೆದಿಡು.”

“ಚಪ್ಪಲಿ ಸೇರಿಸಿಯೋ, ಬಿಟ್ಟೋ ಸಾರ್?”