ಅಪ್‌ಡೇಟ್: ವಿಂಡ್‌ಶೀಲ್ಡ್ ಮೇಲಿನ ಬಿಳಿ ಮಂಜು ಹೋಯ್ತು!

ಹೋದ ವಾರ ಕೇಳಿದ್ನಲ್ಲ, 1/24 ಅಳತೆಯ (ನಿಜ ಕಾರಿನ 24ನೇ ಒಂದು ಪಾಲು) ಪ್ಲಾಸ್ಟಿಕ್ ಮಾಡೆಲ್ ಕಾರ್ ಕಿಟ್‌ಗೆ ಸೂಪರ್ ಗ್ಲೂ ಹಾಕಿ ವಿಂಡ್‌ಶೀಲ್ಡ್ ಅಂಟಿಸಿದ್ಮೇಲೆ ಬಿಳಿ ಮಂಜು ಕೂತಿದೆ ಏನ್ಮಾಡ್ಲಿ ಅಂತ, ಅದು ಸರಿಹೋಯ್ತು. ನೀವು ಹೇಳ್ದಂಗೆ ಅದು ಗ್ಲೂ ಆವಿ ಕೂತಿದ್ದಷ್ಟೇ. ಪೀಸ್ ಮೆಲ್ಲಗೆ ಬಿಡಿಸ್ಕೊಂಡು 2000 ಗ್ರಿಟ್‌ನ (ತುಂಬಾ ನಯವಾದ) ಸ್ಯಾಂಡ್‌ಪೇಪರ್ ನೀರಲ್ಲಿ ನೆನೆಸಿ ಉಜ್ಜಿದೆ, ಮೊದ್ಲು ಇನ್ನೂ ಮಸುಕಾಗಿ ಎದೆ ಧಸಕ್ ಅಂತು, ಆಮೇಲೆ ಇನ್ನೂ ನಯವಾದ 3000 ಗ್ರಿಟ್, ಕೊನೆಗೆ ಪಾಲಿಶಿಂಗ್ ಕಾಂಪೌಂಡ್ ಹಾಕಿ ಮೆತ್ತನೆ ಬಟ್ಟೇಲಿ ಉಜ್ತಾ ಉಜ್ತಾ ಹೋದ್ರೆ ಈಗ ಪಳಪಳ ಅಂತಿದೆ, ಡ್ಯಾಶ್‌ಬೋರ್ಡ್‌ನ ಡಯಲ್ ಡೆಕಾಲ್ (ಅಂಟಿಸೋ ಚಿತ್ರ) ಕೂಡ ನೀಟಾಗಿ ಕಾಣ್ಸುತ್ತೆ, ಎಷ್ಟು ಖುಷಿ ಆಯ್ತು ಗೊತ್ತಾ! ಈ ಸಲ ಪಿವಿಎ ಗ್ಲೂ (ಫೆವಿಕಾಲ್ ಥರದ ಬಿಳಿ ಅಂಟು), ಟೂತ್‌ಪಿಕ್ ತುದೀಲಿ ಅಂಚಿಗೆ ಮಾತ್ರ, ಒಣಗಿದ್ಮೇಲೆ ಕಾಣೋದೇ ಇಲ್ಲ, ಹಸಿ ಇದ್ದಾಗ ಜಾಸ್ತಿ ಆದ್ರೆ ಒದ್ದೆ ಇಯರ್‌ಬಡ್‌ನಲ್ಲಿ ಒರೆಸಬಹುದು. ಎಲ್ರಿಗೂ ಥ್ಯಾಂಕ್ಸ್, ಮುಂದೆ ಕ್ರೋಮ್ ಟ್ರಿಮ್‌ಗೆ (ಹೊಳೆಯೋ ಅಂಚುಪಟ್ಟಿ) ತೆಳು ಲೋಹದ ಫಾಯಿಲ್ ಹಚ್ಬೇಕು.