ಐಸಿ-705ಕ್ಕೆ ಕಟ್ಟಿದ ಪ್ಯಾಡಲ್ ನಿಲ್ಲುತ್ತಿಲ್ಲ, ಒತ್ತದ ಡಿಟ್ ಬೇರೆ ಬೀಳುತ್ತಿವೆ

ದುರ್ಗದ ಗಾಳಿ (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಐಕಾಮ್ ಐಸಿ-705 ಹ್ಯಾಮ್ ರೇಡಿಯೋ ಇದೆ. ರಜೆ ದಿನ ಬೆಳಿಗ್ಗೆ ಜೋಗಿಮಟ್ಟಿ ಬೆಟ್ಟದ ಕಡೆ ಹೋಗಿ 40 ಮೀಟರ್ ಬ್ಯಾಂಡಿನಲ್ಲಿ ಸಿಡಬ್ಲ್ಯೂ (ಮೋರ್ಸ್ ಸಂಕೇತ) ಮಾಡುತ್ತೇನೆ. ಅಲ್ಲಿ ಟೇಬಲ್ಲು ಕುರ್ಚಿ ಎಲ್ಲಿಂದ ಬರಬೇಕು? ಬಂಡೆ ಮೇಲೆ ಕೂತು ರೇಡಿಯೋವನ್ನು ತೊಡೆ ಮೇಲೆ ಇಟ್ಟುಕೊಳ್ಳುತ್ತೇನೆ. ಒಂದು ಕೈ ಲಾಗ್ ಬರೆಯಲು, ಇನ್ನೊಂದು ಕಳಿಸಲು. ಪ್ಯಾಡಲ್ (ಮೋರ್ಸ್‌ನ ಗಿಡ್ಡ ಸದ್ದು ಡಿಟ್, ಉದ್ದ ಸದ್ದು ಡಾ ಕಳಿಸಲು ಒತ್ತುವ ಕೀಲಿ) ಹಿಡಿಯಲು ಕೈ ಉಳಿಯುವುದಿಲ್ಲ. ಅದಕ್ಕೇ ಪ್ಯಾಡಲ್ ರೇಡಿಯೋಗೇ ಕೂತಿರಬೇಕು.

ಈಗ ಮಾಡಿಕೊಂಡಿರುವುದು ಹೀಗೆ: ರೇಡಿಯೋ ತಳದ ಟ್ರೈಪಾಡ್ ತೂತಿಗೆ ಒಂದು 3ಡಿ ಪ್ರಿಂಟ್ ಬ್ರ್ಯಾಕೆಟ್, ಆನ್‌ಲೈನ್‌ನಲ್ಲಿ ತರಿಸಿದ್ದು. ಅದರ ಮುಂದಿನ ತುದಿಯಲ್ಲಿ ಡಬಲ್ ಸೈಡ್ ಟೇಪ್ ಹಾಕಿ ಪುಟ್ಟ ಪ್ಯಾಡಲ್ ಕೂರಿಸಿದ್ದೇನೆ.

ತೊಂದರೆ ಮೂರು. ಡಾ ಒತ್ತಿದಾಗ ಬ್ರ್ಯಾಕೆಟ್ ಇಡೀ ಎಡಕ್ಕೆ ತಿರುಗುತ್ತದೆ. ಬಿಸಿಲು ಏರಿದ ಮೇಲೆ ಟೇಪ್ ಜಾರುತ್ತದೆ. ಇವೆರಡನ್ನೂ ಹೇಗೋ ಸಹಿಸಿದರೂ, ಕೆಲವೊಮ್ಮೆ ನಾನು ಒತ್ತದ ಡಿಟ್ ಹೋಗುತ್ತದೆ. ಎನ್ ಕಳಿಸಿದರೆ ಡಿ ಆಗುತ್ತದೆ, ಇ ಕಳಿಸಿದರೆ ಐ. ಪ್ಯಾಡಲ್ ಅಲ್ಲಾಡುವುದರಿಂದಲೇ ಹೀಗೆ ಅಂತ ನನ್ನ ಅಂದಾಜು. ಗಟ್ಟಿಯಾಗಿ ಕೂರಿಸಿದರೆ ಎಲ್ಲ ಸರಿಹೋಗುತ್ತಾ?

ಲೇತ್ ಸದ್ದು (ದಾವಣಗೆರೆ)

ಎರಡು ಸರಿಹೋಗುತ್ತವೆ. ಮೂರನೆಯದರ ಬಗ್ಗೆ ನನಗೆ ಅನುಮಾನ, ಅದನ್ನು ಆಮೇಲೆ ನೋಡೋಣ.

ಮೊದಲು ಆ ಬ್ರ್ಯಾಕೆಟ್ ಬಿಚ್ಚಿ ಗಾಜಿನ ಮೇಲೆ ಇಟ್ಟು ನೋಡಿ. ಸಪಾಟಾಗಿ ಕೂರುತ್ತದಾ, ಇಲ್ಲ ಒಂದು ಮೂಲೆ ಎದ್ದಿದೆಯಾ? 3ಡಿ ಪ್ರಿಂಟ್ ಮಾಡುವವರು ಹೆಚ್ಚಾಗಿ ಬಳಸುವುದು ಪಿಎಲ್ಎ ಪ್ಲಾಸ್ಟಿಕ್. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಅದು ಮೆತ್ತಗಾಗುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅಷ್ಟು ಬಿಸಿಯಾಗುವುದು ದೊಡ್ಡ ವಿಷಯವೇ ಅಲ್ಲ. ಸ್ಕ್ರೂ ಬಿಗಿ ಮಾಡಿದ ಜಾಗದಲ್ಲಿ ಪ್ಲಾಸ್ಟಿಕ್ ನಿಧಾನಕ್ಕೆ ಒತ್ತಿಹೋಗುತ್ತದೆ, ಬಿಗಿ ತಾನಾಗೇ ಸಡಿಲವಾಗುತ್ತದೆ. ನೀವು ಮತ್ತೆ ಬಿಗಿ ಮಾಡುತ್ತೀರಿ, ಅದು ಇನ್ನಷ್ಟು ಒತ್ತಿಹೋಗುತ್ತದೆ. ಪ್ರಿಂಟ್ ಮಾಡಿದ್ದೇ ಬೇಕು ಅಂದರೆ ಪಿಇಟಿಜಿ ಕೇಳಿ, ಅದು ಬಿಸಿ ಜಾಸ್ತಿ ತಡೆಯುತ್ತದೆ. ನನ್ನನ್ನು ಕೇಳಿದರೆ ಅಲ್ಯುಮಿನಿಯಂ.

ಆದರೆ ಲೋಹಕ್ಕೆ ಬದಲಾಯಿಸಿದ ಮಾತ್ರಕ್ಕೆ ತಿರುಗುವುದು ನಿಲ್ಲುವುದಿಲ್ಲ. ಒಂದೇ ಮೊಳೆಗೆ ನೇತುಹಾಕಿದ ಫೋಟೋ ವಾಲುವ ಹಾಗೆ, ಒಂದೇ ಸ್ಕ್ರೂ ಮೇಲೆ ನಿಂತ ಪಟ್ಟಿ ತಿರುಗಿಯೇ ತಿರುಗುತ್ತದೆ. ಪ್ಯಾಡಲ್ ಮೇಲೆ ಬೀಳುವ ಬಲ ಮೇಲಿನಿಂದ ಕೆಳಕ್ಕಲ್ಲ, ಪಕ್ಕಕ್ಕೆ. ಸ್ಕ್ರೂನಿಂದ ಪ್ಯಾಡಲ್ ದೂರ ಹೋದಷ್ಟೂ ತಿರುಚುವ ಬಲ ಜಾಸ್ತಿ. ಹಾಗಾಗಿ ಪ್ಯಾಡಲ್ ರೇಡಿಯೋಗೆ ಎಷ್ಟು ಹತ್ತಿರ ಬಂದರೆ ಅಷ್ಟು ಒಳ್ಳೆಯದು. ಬೆರಳಿಗೆ ಜಾಗ ಬಿಟ್ಟು ಉಳಿದದ್ದನ್ನು ಕತ್ತರಿಸಿ.

ಹೀಗೆ ಮಾಡಿ. 3 ಮಿ.ಮೀ. ದಪ್ಪದ ಅಲ್ಯುಮಿನಿಯಂ ಪಟ್ಟಿ, 60 ಮಿ.ಮೀ. ಅಗಲ, 150 ಮಿ.ಮೀ. ಉದ್ದ. ಕಿಟಕಿ ಬಾಗಿಲು ಮಾಡುವ ಅಲ್ಯುಮಿನಿಯಂ ಅಂಗಡಿಯ ಕತ್ತರಿಸಿದ ಚೂರಿನ ರಾಶಿಯಲ್ಲೇ ಸಿಗುತ್ತದೆ, ಕಾಸು ಕೊಟ್ಟರೂ ಕೆಲವರು ತೆಗೆದುಕೊಳ್ಳುವುದಿಲ್ಲ. ತೂಕ ಸುಮಾರು 73 ಗ್ರಾಂ, ಹೊರೆ ಅನ್ನಿಸುವುದಿಲ್ಲ. 705ರ ಆಳ 82 ಮಿ.ಮೀ., ಅಂದರೆ ಮುಂದಕ್ಕೆ 68 ಮಿ.ಮೀ. ಚಾಚುತ್ತದೆ. ರೇಡಿಯೋ ಮತ್ತು ಪಟ್ಟಿಯ ನಡುವೆ ಪಂಕ್ಚರ್ ಅಂಗಡಿಯ ಹಳೆ ಟ್ಯೂಬ್ ರಬ್ಬರ್ ಒಂದು ಪದರ ಹಾಕಿ. ಸ್ಕ್ರೂ ಬಿಗಿಯಾದಾಗ ರಬ್ಬರ್ ಒತ್ತಿಕೊಂಡು ಹಿಡಿಯುತ್ತದೆ, ತಳಕ್ಕೆ ಗೀರೂ ಬೀಳುವುದಿಲ್ಲ.

ರಬ್ಬರ್ ಸಾಲದಿದ್ದರೆ ರೇಡಿಯೋದ ಮುಂದಿನ ಕೆಳ ಅಂಚಿಗೆ ತಾಗುವಂತೆ ಎರಡು ಪುಟ್ಟ ಆಂಗಲ್ ತುಂಡುಗಳನ್ನು ಪಟ್ಟಿಗೆ ಸ್ಕ್ರೂ ಹಾಕಿ. ಒಂದು ಎಡಕ್ಕೆ, ಒಂದು ಬಲಕ್ಕೆ. ಪರದೆಗೆ ಅಡ್ಡ ಬರದಷ್ಟು ಗಿಡ್ಡ ಇರಲಿ. ಇವಿದ್ದರೆ ತಿರುಗಲು ದಾರಿಯೇ ಇಲ್ಲ. ಪಟ್ಟಿಯ ತುದಿಯನ್ನೇ ಬಗ್ಗಿಸಿ ತುಟಿ ಮಾಡೋಣ ಅಂತ ಹೋಗಬೇಡಿ. ಗಡುಸು ಅಲ್ಯುಮಿನಿಯಂ ಚೂಪಾಗಿ ಬಗ್ಗಿಸಿದರೆ ಬಿರುಕು ಬಿಡುತ್ತದೆ.

ಪ್ಯಾಡಲ್ ತಳದಲ್ಲಿ ಎಂ3 (3 ಮಿ.ಮೀ.) ಸ್ಕ್ರೂ ತೂತು ಇದ್ದರೆ ಟೇಪ್ ಗೊಡವೆಯೇ ಬೇಡ. ಪಟ್ಟಿಯ ಕೆಳಗಿನಿಂದ ಎರಡು ಸ್ಕ್ರೂ ಹಾಕಿ. ಎರಡು ಅಂದೆ, ಒಂದಲ್ಲ.

ಹೊಸ ಕಿವಿ (ಹರಿಹರ)

ಅಣ್ಣಾ, ನಡುವೆ ಬಾಯಿ ಹಾಕುತ್ತಿದ್ದೇನೆ. ಮ್ಯಾಗ್ನೆಟ್ ತಳದ ಪ್ಯಾಡಲ್ ಬರುತ್ತವಲ್ಲ, ಅದು ಸುಲಭ ಅಲ್ವಾ? ಐದು ಕಿಲೋ ಎಳೆತದ ನಿಯೋಡಿಮಿಯಂ ಮ್ಯಾಗ್ನೆಟ್ ಅಂತೆಲ್ಲ ಬರೆದಿರುತ್ತಾರೆ.

ಲೇತ್ ಸದ್ದು (ದಾವಣಗೆರೆ)

ತಮ್ಮಾ, ಆ ಐದು ಕಿಲೋ ಅನ್ನುವುದು ನೇರ ಮೇಲಕ್ಕೆ ಕಿತ್ತರೆ. ಪಕ್ಕಕ್ಕೆ ಜಾರಿಸಲು ಅದರ ಐದನೇ ಒಂದು ಭಾಗದಷ್ಟು ಬಲ ಸಾಕು. ಪ್ಯಾಡಲ್ ಒತ್ತುವುದು ಯಾವ ಕಡೆಗೆ ಅಂತ ಆಗಲೇ ಹೇಳಿದೆನಲ್ಲ. ಮ್ಯಾಗ್ನೆಟ್ ಮೇಲೆ ತೆಳು ರಬ್ಬರ್ ಪೊರೆ ಇದ್ದರೆ ಜಾರುವುದು ಕಡಿಮೆ.

ಇನ್ನೊಂದು ವಿಷಯ, ಅಲ್ಯುಮಿನಿಯಂಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಅಡುಗೆಮನೆಯ ಸ್ಟೀಲ್ ತಟ್ಟೆ ಕತ್ತರಿಸೋಣ ಅಂದರೆ ಅದೂ ಬಹಳಷ್ಟು ಹಿಡಿಯದ ಜಾತಿ. ಫ್ರಿಜ್ ಮ್ಯಾಗ್ನೆಟ್ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಜಿಐ ಶೀಟ್ ಅಥವಾ ಹಳೆ ಕಂಪ್ಯೂಟರ್ ಡಬ್ಬದ ಬಾಗಿಲು ಆಗುತ್ತದೆ. ಮನೆ ಮೇಜಿನ ಮೇಲೆ ಮ್ಯಾಗ್ನೆಟ್ ಚೆನ್ನ. ತೊಡೆ ಮೇಲೆ ನಾನು ನಂಬುವುದಿಲ್ಲ. ಮತ್ತೆ ಮೊಬೈಲ್ ಪಕ್ಕದಲ್ಲಿಟ್ಟರೆ ಅದರ ದಿಕ್ಸೂಚಿ ಹುಚ್ಚೆದ್ದು ಕುಣಿಯುತ್ತದೆ.

ನಲವತ್ತು ಮೀಟರ್ (ಹಿರಿಯೂರು)

ಮೂರನೇ ತೊಂದರೆ ನನಗೆ ಬಿಡಿ.

ದುರ್ಗದ ಓಎಂ (ಹ್ಯಾಮ್ ಭಾಷೆಯಲ್ಲಿ ಗೆಳೆಯ), ಇವಕ್ಕೆ ಉತ್ತರ ಬೇಕು. ಆಂಟೆನಾ ಯಾವುದು? ಎಷ್ಟು ವ್ಯಾಟ್? ರೇಡಿಯೋ ಬೆನ್ನಿಗೆ ಹಾಕುವ ಬಿಪಿ-272 ಬ್ಯಾಟರಿಯಲ್ಲಿ ಓಡಿಸುತ್ತೀರಾ, ಹೊರಗಿನ ಬ್ಯಾಟರಿಯಲ್ಲಾ? ಪ್ಯಾಡಲ್ ಕೇಬಲ್ ಉದ್ದ ಎಷ್ಟು?

ಉತ್ತರ ಬರೆಯುವ ಮೊದಲು ಒಂದು ಪರೀಕ್ಷೆ ಮಾಡಿ, ಬೆಟ್ಟಕ್ಕೂ ಹೋಗಬೇಕಿಲ್ಲ. ಬ್ರೇಕ್-ಇನ್ ಆಫ್ ಮಾಡಿ. ಆಗ ರೇಡಿಯೋ ಪ್ರಸಾರ ಮಾಡುವುದಿಲ್ಲ, ಸೈಡ್‌ಟೋನ್ (ಕಳಿಸುವವರ ಕಿವಿಗೆ ಬರುವ ಪೀಪ್ ಸದ್ದು) ಮಾತ್ರ ಕೇಳಿಸುತ್ತದೆ. ನಿಮ್ಮ ಎಂದಿನ ವೇಗದಲ್ಲಿ ಎನ್, ಇ, ಎ ಇವನ್ನೇ ಸ್ವಲ್ಪ ಹೊತ್ತು ಕಳಿಸಿ. ಆಗಲೂ ಒತ್ತದ ಡಿಟ್ ಬಂದರೆ ತೊಂದರೆ ಪ್ಯಾಡಲ್‌ನಲ್ಲೋ ಕೇಬಲ್‌ನಲ್ಲೋ ಇದೆ. ಬರದಿದ್ದರೆ, ಪ್ರಸಾರವಾಗುವಾಗ ಮಾತ್ರ ಬರುತ್ತಿದ್ದರೆ, ಅದು ಆರ್‌ಎಫ್, ಅಂದರೆ ರೇಡಿಯೋ ತರಂಗದ ಕಾಟ. ನಿಮ್ಮದೇ ಸಿಗ್ನಲ್ ಪ್ಯಾಡಲ್ ಕೇಬಲ್ ಹಿಡಿದು ಕೀಯರ್ (ಡಿಟ್, ಡಾ ತಯಾರಿಸುವ ಸರ್ಕ್ಯೂಟ್) ಒಳಗೆ ವಾಪಸ್ ಹೋಗುತ್ತಿದೆ.

ಧೂಳಿನ ಬಗ್ಗೆಯೂ ಹೇಳಿಬಿಡುತ್ತೇನೆ, ಜೋಗಿಮಟ್ಟಿ ಗಾಳಿ ಎಲ್ಲರಿಗೂ ಗೊತ್ತು. ಕಾಂಟ್ಯಾಕ್ಟ್ ನಡುವೆ ಧೂಳು ಕೂತರೆ ಸಾಮಾನ್ಯವಾಗಿ ಡಿಟ್ ತಪ್ಪಿಹೋಗುತ್ತದೆ. ನಿಮಗೆ ಜಾಸ್ತಿ ಬೀಳುತ್ತಿವೆ. ಅದಕ್ಕೇ ನನ್ನ ಕಣ್ಣು ಆರ್‌ಎಫ್ ಕಡೆಗೆ. ಆದರೂ ಒಂದು ಸಲ ಬಿಳಿ ಕಾಗದದ ಚೂರು ಕಾಂಟ್ಯಾಕ್ಟ್ ನಡುವೆ ಇಟ್ಟು, ಮೆಲ್ಲಗೆ ಒತ್ತಿ ಎಳೆದುಬಿಡಿ. ಉಪ್ಪುಕಾಗದ ಮಾತ್ರ ಮುಟ್ಟಿಸಬೇಡಿ, ಲೇಪ ಕಿತ್ತುಹೋಗುತ್ತದೆ.

ದುರ್ಗದ ಗಾಳಿ (ಚಿತ್ರದುರ್ಗ)

ಬ್ರ್ಯಾಕೆಟ್ ಗಾಜಿನ ಮೇಲೆ ಇಟ್ಟೆ. ಬಾಳೆಕಾಯಿ ಚಿಪ್ಸ್ ಆಗಿದೆ. ಪಟ್ಟಿ ಮಾಡಿಸುತ್ತೇನೆ.

ಬ್ರೇಕ್-ಇನ್ ಆಫ್ ಮಾಡಿದರೆ ಒಂದೂ ತಪ್ಪು ಡಿಟ್ ಇಲ್ಲ! ಕೈಯಿಂದ ಬ್ರ್ಯಾಕೆಟ್ ಅಲ್ಲಾಡಿಸಿದರೂ ಇಲ್ಲ. ಆಂಟೆನಾ 20 ಮೀಟರ್ ತಂತಿಯ ಎಂಡ್-ಫೆಡ್ (ಒಂದು ತುದಿಯಿಂದ ಪವರ್ ಕೊಡುವುದು), 49:1 ಟ್ರಾನ್ಸ್‌ಫಾರ್ಮರ್, ಐದು ಮೀಟರ್ ಆರ್‌ಜಿ-174 ಕೋಆಕ್ಸ್ ಕೇಬಲ್. ಗಾಳದ ಫೈಬರ್ ಕೋಲಿಗೆ ಕಟ್ಟುತ್ತೇನೆ. ಹೊರಗಿನ ಲಿಥಿಯಂ ಬ್ಯಾಟರಿಯಲ್ಲಿ 10 ವ್ಯಾಟ್. ಯೋಚಿಸಿದರೆ, ಬಿಪಿ-272 ಹಾಕಿ 5 ವ್ಯಾಟ್‌ನಲ್ಲಿ ಮಾಡುವಾಗ ಈ ತೊಂದರೆ ಕಡಿಮೆ. ಪ್ಯಾಡಲ್ ಕೇಬಲ್ ಒಂದು ಮೀಟರ್, ಸುತ್ತಿ ರೇಡಿಯೋ ಹಿಂದೆ ತುರುಕಿರುತ್ತೇನೆ.

ನಲವತ್ತು ಮೀಟರ್ (ಹಿರಿಯೂರು)

ಸಿಕ್ಕಿತು. ಎಂಡ್-ಫೆಡ್‌ಗೆ ಬೇರೆ ಕೌಂಟರ್‌ಪಾಯ್ಸ್ (ಆಂಟೆನಾದ ಇನ್ನೊಂದು ಭಾಗವಾಗಿ ದುಡಿಯುವ ತಂತಿ) ಇಲ್ಲದಿದ್ದರೆ ಕೋಆಕ್ಸ್‌ನ ಹೊರ ಜಾಲರಿಯೇ ಆ ಕೆಲಸ ಮಾಡುತ್ತದೆ. ಅದರ ಮೇಲೆ ಹರಿಯುವ ಕರೆಂಟ್ ರೇಡಿಯೋ ತನಕ ಬಂದು ಅಲ್ಲಿಂದ ಪ್ಯಾಡಲ್ ಕೇಬಲ್, ಪ್ಯಾಡಲ್, ನಿಮ್ಮ ಬೆರಳು ಹೀಗೆ ಮುಂದೆ ಹೋಗುತ್ತದೆ. ಪ್ಯಾಡಲನ್ನು ಬಂಡೆಗೇ ಬೋಲ್ಟ್ ಹಾಕಿದರೂ ಇದು ನಿಲ್ಲುವುದಿಲ್ಲ.

ಮೊದಲ ಕೆಲಸ, ಆ ಒಂದು ಮೀಟರ್ ಕೇಬಲ್ ತೆಗೆಯಿರಿ. ಪ್ಯಾಡಲ್ ಹೇಗೂ ರೇಡಿಯೋ ಮುಂದೆಯೇ ಇರುತ್ತದೆ. ಜ್ಯಾಕ್ ತನಕ ತಲುಪಿ ಸ್ವಲ್ಪ ಸಡಿಲ ಉಳಿಯುವಷ್ಟು ಸಾಕು. ಜಾಲರಿ ಇರುವ ಕೇಬಲ್ ಇರಲಿ, ಎಲ್ ಆಕಾರದ 3.5 ಮಿ.ಮೀ. ಸ್ಟೀರಿಯೋ ಪ್ಲಗ್ ಇರಲಿ. ಕೇಬಲನ್ನು ಪಟ್ಟಿಗೆ ಒಂದು ಜಿಪ್ ಟೈನಲ್ಲಿ ಕಟ್ಟಿ. ಎಳೆತ ಜ್ಯಾಕ್ ಮೇಲೆ ಬೀಳಬಾರದು. ಜ್ಯಾಕ್ ಒಳಗೆ ಬೋರ್ಡಿಗೆ ಬೆಸುಗೆ ಹಾಕಿರುತ್ತದೆ. ಅದಕ್ಕೇ ನೇರ ಜ್ಯಾಕ್‌ಗೆ ಚುಚ್ಚಿ ನಿಲ್ಲಿಸುವ ಪ್ಯಾಡಲ್‌ಗಳು ನನಗೆ ಇಷ್ಟವಿಲ್ಲ. ಪ್ರತಿ ಒತ್ತಿಗೂ ಆ ಬೆಸುಗೆ ಅಲುಗುತ್ತದೆ.

ಎರಡನೆಯದು, 0.01 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಎರಡು. ರೇಡಿಯೋ ರಿಪೇರಿ ಅಂಗಡಿಯಲ್ಲಿ 103 ಅಂತ ಬರೆದದ್ದು ಕೇಳಿ. ಒಂದನ್ನು ಡಿಟ್ ತಂತಿಯಿಂದ ಗ್ರೌಂಡ್‌ಗೆ, ಇನ್ನೊಂದನ್ನು ಡಾ ತಂತಿಯಿಂದ ಗ್ರೌಂಡ್‌ಗೆ, ಕಾಲು ಗಿಡ್ಡ ಮಾಡಿ ಬೆಸುಗೆ ಹಾಕಿ. ಪ್ಯಾಡಲ್ ಒಳಗೆ ಜಾಗವಿಲ್ಲದಿದ್ದರೆ ಪ್ಲಗ್ ಒಳಗೂ ಆಗುತ್ತದೆ.

ಮೂರನೆಯದೇ ನಿಜವಾದ ಮದ್ದು. ಎಫ್‌ಟಿ140-43 ಟೊರಾಯ್ಡ್ (ಫೆರೈಟ್ ಬಳೆ) ಮೇಲೆ ಆರ್‌ಜಿ-174 ಅನ್ನು 10ರಿಂದ 12 ಸುತ್ತು ಸುತ್ತಿ ಚೋಕ್ ಮಾಡಿ. ಅದನ್ನು ರೇಡಿಯೋ ಕಡೆಯ ತುದಿಯಲ್ಲಿ ಹಾಕಿ, ಟ್ರಾನ್ಸ್‌ಫಾರ್ಮರ್ ಹತ್ತಿರ ಅಲ್ಲ. ಆಗ ಐದು ಮೀಟರ್ ಕೋಆಕ್ಸ್ ಕೌಂಟರ್‌ಪಾಯ್ಸ್ ಆಗಿ ದುಡಿಯುತ್ತದೆ, ಆದರೆ ಕರೆಂಟ್ ರೇಡಿಯೋ ತನಕ ಬರುವುದಿಲ್ಲ.

ಇವತ್ತೇ ಹೋಗಬೇಕಿದ್ದರೆ ಪವರ್ 5 ವ್ಯಾಟ್‌ಗೆ ಇಳಿಸಿ. ಆ ಕಡೆ ಕೇಳುವವರಿಗೆ ಅದು 3 ಡಿಬಿ ವ್ಯತ್ಯಾಸ, ಸಿಗ್ನಲ್ ಬಲ ತೋರಿಸುವ ಎಸ್-ಮೀಟರ್‌ನಲ್ಲಿ ಅರ್ಧ ಅಂಕಿ.

ಹೊಸ ಕಿವಿ (ಹರಿಹರ)

ಸರ್, ನನ್ನದೂ ಒಂದು. ಸೆಕೆಂಡ್ ಹ್ಯಾಂಡ್ ಪ್ಯಾಡಲ್ ತಂದಿದ್ದೇನೆ. ಪ್ಲಗ್ ಚುಚ್ಚಿದ ತಕ್ಷಣ ಡಾ ಡಾ ಡಾ ಅಂತ ಒಂದೇ ಸಮನೆ ಹೊಡೆಯುತ್ತದೆ. ಇದೂ ಆರ್‌ಎಫಾ?

ನಲವತ್ತು ಮೀಟರ್ (ಹಿರಿಯೂರು)

ಅಲ್ಲ. ಪ್ಲಗ್ ನೋಡಿ. ಕಪ್ಪು ಗೆರೆ ಒಂದೇ ಇದ್ದರೆ ಅದು ಮೋನೋ. ಪ್ಯಾಡಲ್‌ಗೆ ಸ್ಟೀರಿಯೋ ಬೇಕು, ಎರಡು ಗೆರೆ. ತುದಿ ಡಿಟ್, ನಡುವಿನ ಉಂಗುರ ಡಾ, ಬುಡ ಗ್ರೌಂಡ್. ಮೋನೋ ಪ್ಲಗ್ ಹಾಕಿದರೆ ಡಾ ನೇರ ಗ್ರೌಂಡ್‌ಗೆ ಸೇರಿಬಿಡುತ್ತದೆ, ಹಾಗಾಗಿ ಡಾ ನಿಲ್ಲುವುದೇ ಇಲ್ಲ. ಎರಡು ಗೆರೆ ಇದ್ದೂ ಹೀಗಾದರೆ ಪ್ಯಾಡಲ್ ಒಳಗೆ ಡಾ ಕಡೆ ತಾಗಿಕೊಂಡಿದೆ. ಸ್ಕ್ರೂ ಸ್ವಲ್ಪ ಬಿಚ್ಚಿ ಕಾಗದದ ದಪ್ಪದಷ್ಟು ಸಂದು ಬಿಡಿ.

ಲೇತ್ ಸದ್ದು (ದಾವಣಗೆರೆ)

ಸಂದು ಅಂದಾಗ ನೆನಪಾಯಿತು. ಪ್ಯಾಡಲ್ ಜಾರುತ್ತದೆ ಅನ್ನುವ ಅರ್ಧ ಜನರಿಗೆ ಸಂದು ಜಾಸ್ತಿ, ಸ್ಪ್ರಿಂಗ್ ಬಿಗಿ. ಬೆರಳು ದೂರ ಹೋಗಿ ಗುದ್ದುತ್ತದೆ. ಸಂದು ಕಡಿಮೆ ಮಾಡಿ, ಸ್ಪ್ರಿಂಗ್ ಸಡಿಲಿಸಿ. ಆಗ ಪಟ್ಟಿಯ ಮೇಲಿನ ಬಲವೂ ಇಳಿಯುತ್ತದೆ. ಇದಕ್ಕೆ ಖರ್ಚಿಲ್ಲ, ಆದರೂ ಯಾರೂ ಮೊದಲು ಮಾಡುವುದಿಲ್ಲ.

ದುರ್ಗದ ಗಾಳಿ (ಚಿತ್ರದುರ್ಗ)

ಕೇಬಲ್ ಗಿಡ್ಡ ಮಾಡಿ 103 ಕೆಪಾಸಿಟರ್ ಹಾಕಿದ ಮೇಲೆ ಒತ್ತದ ಡಿಟ್ ಬಹಳ ಅಪರೂಪವಾಯಿತು. ಚೋಕ್ ಸುತ್ತಿದ ಮೇಲೆ 10 ವ್ಯಾಟ್‌ನಲ್ಲೂ ಇಲ್ಲ. ಟೊರಾಯ್ಡ್ ಇಲ್ಲಿ ಸಿಗಲಿಲ್ಲ, ತರಿಸಿಕೊಂಡೆ.

ಪಟ್ಟಿ ಕತ್ತರಿಸಿದ್ದಾಗಿದೆ, ರಬ್ಬರ್ ಸಮೇತ. ಸಮಸ್ಯೆ ಏನೆಂದರೆ ನನ್ನ ಪ್ಯಾಡಲ್ ತಳದಲ್ಲಿ ತೂತೇ ಇಲ್ಲ, ಕೊರೆಯಲು ದಪ್ಪವೂ ಇಲ್ಲ. ಟೇಪ್ ಬಿಟ್ಟರೆ ದಾರಿ ಇಲ್ಲ. ಇನ್ನೊಂದು, ಹಾರ್ಡ್‌ವೇರ್ ಅಂಗಡಿಯವರು ಟ್ರೈಪಾಡ್ ತೂತಿಗೆ ಎಂ6 ಸ್ಕ್ರೂ ಕೊಟ್ಟಿದ್ದಾರೆ. ಅದೇ ಸರಿಯಾ?

ಲೇತ್ ಸದ್ದು (ದಾವಣಗೆರೆ)

ಎಂ6 ಹಾಕಬೇಡಿ! ಟ್ರೈಪಾಡ್ ತೂತು ಕಾಲು ಇಂಚಿನದು, ಅಂದರೆ 6.35 ಮಿ.ಮೀ., ಇಂಚಿಗೆ 20 ಎಳೆ. ಎಂ6 ಅದಕ್ಕಿಂತ ತೆಳು, ಎಳೆಯ ಅಂತರವೂ ಬೇರೆ. ಮೊದಲು ಒಂದೆರಡು ಸುತ್ತು ಆರಾಮಾಗಿ ಹೋಗುತ್ತದೆ, ಆಮೇಲೆ ಸಿಕ್ಕಿಹಾಕಿಕೊಂಡು ರೇಡಿಯೋದ ಎಳೆ ತಿಂದುಹಾಕುತ್ತದೆ. ಕ್ಯಾಮೆರಾ ಅಂಗಡಿಯಲ್ಲಿ ಟ್ರೈಪಾಡ್ ಸ್ಕ್ರೂ ಕೇಳಿ. ಉದ್ದ ಜಾಸ್ತಿ ಇದ್ದರೆ ತೂತಿನ ತಳಕ್ಕೆ ಗುದ್ದುತ್ತದೆ. ತೂತಿನ ಆಳವನ್ನು ಬೆಂಕಿಕಡ್ಡಿ ಇಟ್ಟು ಅಳೆಯಿರಿ, ಅದಕ್ಕೆ ಪಟ್ಟಿ ಮತ್ತು ಒತ್ತಿದ ರಬ್ಬರ್ ದಪ್ಪ ಕೂಡಿಸಿ. ಸ್ಕ್ರೂ ಅದಕ್ಕಿಂತ ಒಂದು ಮಿಲಿಮೀಟರ್ ಗಿಡ್ಡ ಇರಲಿ. ಸಡಿಲವಾಗದಿರಲು ಸ್ಪ್ರಿಂಗ್ ವಾಷರ್ ಸಾಕು. ಲಾಕ್‌ಟೈಟ್ ಥರದ ದ್ರವ ರೇಡಿಯೋ ಹತ್ತಿರ ಬೇಡ, ಕೆಲವು ಪ್ಲಾಸ್ಟಿಕ್ ಅದಕ್ಕೆ ಬಿರುಕು ಬಿಡುತ್ತದೆ.

ಟೇಪ್ ಅಂದರೆ ಸ್ಟೇಷನರಿ ಅಂಗಡಿಯ ಸ್ಪಂಜು ಟೇಪ್ ಅಲ್ಲ, 3ಎಂ ಕಂಪನಿಯ ವಿಎಚ್‌ಬಿ ಅನ್ನುವ ಗಟ್ಟಿ ಟೇಪ್. ಪಟ್ಟಿಯನ್ನೂ ಪ್ಯಾಡಲ್ ತಳವನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಅರ್ಧ, ನೀರು ಅರ್ಧ ಬೆರೆಸಿ ಒರೆಸಿ. ಒಣಗಿದ ಮೇಲೆ ಬೆರಳು ತಾಗಿಸಬೇಡಿ. ಅಂಟಿಸಿ, ಗಟ್ಟಿಯಾಗಿ ಒತ್ತಿ. ಪೂರ್ತಿ ಹಿಡಿತ ಬರಲು 72 ಗಂಟೆ ಬೇಕು. ಅಲ್ಲಿಯ ತನಕ ಕಳಿಸಲು ಕೂರಬೇಡಿ, ಕೈ ಎಷ್ಟೇ ತುರಿಸಿದರೂ.

ಜೊತೆಗೆ ಪ್ಯಾಡಲ್‌ನ ಎರಡೂ ಪಕ್ಕಕ್ಕೆ ತಾಗುವಂತೆ ಪಟ್ಟಿಯಲ್ಲಿ ಒಂದೊಂದು ಎಂ3 ಸ್ಕ್ರೂ ನಿಲ್ಲಿಸಿ. 2.5 ಮಿ.ಮೀ. ತೂತು ಕೊರೆದು ಎಂ3 ಟ್ಯಾಪ್ ಹೊಡೆಸಿದರೆ (ತೂತಿನೊಳಗೆ ಎಳೆ ಕೊರೆಸಿದರೆ) ನಟ್ ಕೂಡ ಬೇಡ. ಪಕ್ಕದ ಬಲವನ್ನು ಸ್ಕ್ರೂ ತಡೆಯುತ್ತದೆ, ಟೇಪ್ ಮೇಲೇಳದಂತೆ ಹಿಡಿದರೆ ಸಾಕು. ಪಟ್ಟಿ ತಂದರೆ ಟ್ಯಾಪ್ ನಾನೇ ಹೊಡೆದುಕೊಡುತ್ತೇನೆ. ದುರ್ಗದಿಂದ ದಾವಣಗೆರೆಗೆ ಒಂದು ಗಂಟೆ ದಾರಿ, ಬೆಣ್ಣೆದೋಸೆ ಖರ್ಚು ನಿಮ್ಮದು.

ದುರ್ಗದ ಗಾಳಿ (ಚಿತ್ರದುರ್ಗ)

ಶನಿವಾರ ಬರುತ್ತೇನೆ. ಎಂ6 ವಾಪಸ್ ಕೊಟ್ಟೆ. 73 (ಹ್ಯಾಮ್ ಭಾಷೆಯಲ್ಲಿ ಶುಭಾಶಯ).